ಸೆಪ್ಟೆಂಬರ್ ತಿಂಗಳ ವಿಧವೆ

“ನಿಮ್ಮಪ್ಪನ ಹೆಣ ಈಗಷ್ಟೆ ಎರಡು ಲೋಟ ಚಹಾ ಕುಡಿದು ಎದ್ದು ಹೋಯ್ತು ಕಣೋ ಅಮುಕೋಯ. ಸ್ವಲ್ಪ ಬೇಗ ಬಂದಿದ್ರೆ ನೀನೂ ಮುಖ ನೋಡಬಹುದಿತ್ತು.”

ನನ್ನ ಓರಗೆಯ ಲುಸಿಗಿ ಇದನ್ನು ಹೇಳಿದ್ದು ಮಾರುಕಟ್ಟೆ ಮೂಲೆಯ ಚಹಾದಂಗಡಿಯಲ್ಲಿ, ಅಂಗಡಿ ತುಂಬಿದ್ದ ಹೊತ್ತಿನಲ್ಲಿ. ನನ್ನ ಹಾಗೆ ಬಾಡಿಗೆಗೆ ಬೈಕು ಓಡಿಸುವ ಹುಡುಗರು ನಕ್ಕರು. ಒಣಮೀನು ಮಾರುವ ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ಕಂಕುಳಲ್ಲಿ ಬೈಬಲ್ ಇಟ್ಟುಕೊಂಡೇ ಬನ್ನು ಅದ್ದಿ ತಿನ್ನುತ್ತಿದ್ದ ಪಾದ್ರಿ ಕೂಡ ಹಲ್ಲು ಬಿಟ್ಟ.

“ಸಕ್ಕರೆ ಬೇರೆ ಜಾಸ್ತಿ ಕೇಳ್ತು,” ಅಂದ ಅಂಗಡಿಯವನು. “ಸತ್ತಮೇಲೆ ಸಕ್ಕರೆ ಕಾಯಿಲೆ ಭಯ ಇಲ್ಲವಲ್ಲ.”

“ಬಾಯಿ ಮುಚ್ಚೋ ಲುಸಿಗಿ.”

“ನಾನ್ಯಾಕೆ ಮುಚ್ಚಲಿ? ನಾನು ಹೇಳಿದ್ದಾ ಇದು? ಗೋಡೆ ಮೇಲೆ ಅಚ್ಚು ಹಾಕಿಸಿದ್ದಾರೆ, ಓದ್ಕೋ. ಓ, ಮರೆತಿದ್ದೆ, ನೀನು ಏಳನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು. ಇರು, ನಾನೇ ಓದಿ ಹೇಳ್ತೀನಿ.”

ಓದಿ ಹೇಳುವ ಅಗತ್ಯ ಇರಲಿಲ್ಲ. ಆ ಎರಡು ಸಾಲು ಓದುವಷ್ಟು ಇಂಗ್ಲಿಷು ನನಗೂ ಬರುತ್ತದೆ. ಗೋಡೆಯ ಮೇಲೆ ಡೆನ್ಮಾರ್ಕಿನ ಸಂಘದವರ ಕ್ಯಾಲೆಂಡರು ನೇತಾಡುತ್ತಿತ್ತು. ಒಂದೊಂದು ತಿಂಗಳಿಗೆ ಅವರು ಹೊಲಿಗೆ ಕಲಿಸಿದ ಒಬ್ಬೊಬ್ಬ ಹೆಂಗಸಿನ ಫೋಟೋ. ಸೆಪ್ಟೆಂಬರಿಗೆ ನನ್ನ ಅಮ್ಮ. ನೀಲಿ ತಲೆವಸ್ತ್ರ ಕಟ್ಟಿ, ಹೊಲಿಗೆ ಯಂತ್ರದ ಮುಂದೆ ಕೂತು ಕಣ್ಣು ತಗ್ಗಿಸಿದ್ದಾಳೆ. ಕೆಳಗೆ, ‘ಮುಹೊಂಜಾ, ವಿಧವೆ, ಪಶ್ಚಿಮ ಕೆನ್ಯಾ. ಸೂಜಿ ದಾರ ಅವಳ ಬದುಕನ್ನು ಮತ್ತೆ ಜೋಡಿಸಿದೆ.’ ಆಗ ನಡೆಯುತ್ತಿದ್ದದ್ದು ಜೂನ್ ತಿಂಗಳು. ಗಿರಾಕಿಗಳಿಗೆ ನಗುವುದಕ್ಕೆ ಏನಾದರೂ ಇರಲಿ ಎಂದು ಅಂಗಡಿಯವನು ಹಾಳೆಗಳನ್ನು ಸೆಪ್ಟೆಂಬರಿಗೇ ಮಗುಚಿಟ್ಟಿದ್ದ.

ಅವತ್ತು ಲುಸಿಗಿಯ ಕಪಾಳಕ್ಕೆ ಬಿಟ್ಟೆ. ನಾಲ್ಕು ಜನ ಹಿಡಿದುಕೊಂಡರು. ಅದರಿಂದ ಏನೂ ಬದಲಾಗಲಿಲ್ಲ. ಕ್ಯಾಲೆಂಡರು ಅಲ್ಲೇ ಇತ್ತು, ನನ್ನ ಅಪ್ಪ ಅದರಲ್ಲಿ ಸತ್ತೇ ಇದ್ದ.

ನನ್ನ ಅಪ್ಪನ ಹೆಸರು ಷಿಕಾಂಡಾ. ಮೊಂಬಾಸಾದ ಬಂದರಿನಲ್ಲಿ ಗೋದಾಮು ಕಾಯುತ್ತಿದ್ದ. ಕ್ರಿಸ್‌ಮಸ್‌ಗೆ ಬರುತ್ತಿದ್ದ, ಕೆಲವು ವರ್ಷ ಅದಕ್ಕೂ ಬರುತ್ತಿರಲಿಲ್ಲ. ಅವನು ಅಲ್ಲಿದ್ದಾಗಲೇ ನಮ್ಮೂರಿಗೆ ಡೆನ್ಮಾರ್ಕಿನವರು ಬಂದದ್ದು. ಗಂಡನಿಲ್ಲದ ಬಡ ಹೆಂಗಸರಿಗೆ ಹೊಲಿಗೆ ಕಲಿಸುತ್ತೇವೆ, ಚೀಲ ಹೊಲಿದರೆ ನಮ್ಮ ದೇಶದಲ್ಲಿ ಮಾರಿಕೊಡುತ್ತೇವೆ, ಚೆನ್ನಾಗಿ ಕಲಿತವರಿಗೆ ಸ್ವಂತ ಯಂತ್ರ ಕೊಟ್ಟು ಅಂಗಡಿ ಹಾಕಿಸುತ್ತೇವೆ ಎಂದರು. ಚರ್ಚಿನ ಅಂಗಳದಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳಿದರು. ನಡುವೆ ನಿಂತು ಅವರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ದಾಟಿಸುತ್ತಿದ್ದವಳು ಬೆರಿಲ್ ಮೇಡಂ. ಕಾಕಮೇಗಾ ಪೇಟೆಯಲ್ಲಿ ಓದಿದವಳು, ಅವರ ಸಂಬಳದ ಕೆಲಸದವಳು.

“ಗಂಡ?” ಎಂದು ಕೇಳಿದಳಂತೆ.

“ಇಲ್ಲ,” ಅಂದಳಂತೆ ಅಮ್ಮ.

ನಮ್ಮ ಮಾತಿನಲ್ಲಿ ಇಲ್ಲ ಅಂದರೆ ಇಲ್ಲ. ಮೊಂಬಾಸಾಕ್ಕೆ ಹೋದವನೂ ಇಲ್ಲ, ಮಣ್ಣಿಗೆ ಹೋದವನೂ ಇಲ್ಲ. ಕೇಳಿದವರು ಮುಖ ನೋಡಿ ತಿಳಿದುಕೊಳ್ಳಬೇಕು. ಬೆರಿಲ್ ಮೇಡಂ ಅಮ್ಮನ ಮುಖ ನೋಡಲಿಲ್ಲ, ಹಿಂದೆ ನಿಂತಿದ್ದ ಸಾಲು ನೋಡಿದಳು. ಬಿಳಿಯರ ಕಡೆ ತಿರುಗಿ ಒಂದೇ ಶಬ್ದ ಹೇಳಿದಳು. ಅಪ್ಪ ಸತ್ತದ್ದು ಹಾಗೆ.

ಅಮ್ಮನಿಗೆ ಇದು ತಿಳಿದದ್ದು ಕ್ಯಾಲೆಂಡರು ಅಚ್ಚಾಗಿ ಬಂದ ಮೇಲೆ. ಅಷ್ಟರಲ್ಲಿ ಬಂದರಿನವರು ಅಪ್ಪನನ್ನು ಕೆಲಸದಿಂದ ಬಿಡಿಸಿ ಊರಿಗೆ ಕಳಿಸಿದ್ದರು. ಅಪ್ಪ ಕ್ಯಾಲೆಂಡರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಫೋಟೋದಲ್ಲಿ ನಿಮ್ಮಮ್ಮ ಚೆನ್ನಾಗಿ ಬಂದಿದ್ದಾಳೆ,” ಅಂದ. ಕೆಳಗಿನ ಸಾಲನ್ನು ನಾನು ಓದಿ ಹೇಳಿದೆ. “ಹೋಗ್ಲಿ ಬಿಡು,” ಅಂದು ನಕ್ಕ.

ಆಮೇಲೆ ಆ ನಗು ನಿಂತಿತು. ಅವನ ಓರಗೆಯವನೊಬ್ಬ ತೀರಿಕೊಂಡಾಗ ಅಪ್ಪ ಕೋಟು ಹಾಕಿಕೊಂಡು ಹೋದ. ನಮ್ಮಲ್ಲಿ ಸಾವಿನ ಮನೆಯಲ್ಲಿ ಎದ್ದು ನಿಂತು ನಾಲ್ಕು ಮಾತಾಡದಿದ್ದರೆ ಆ ಗಂಡಸು ಊರಿನ ಲೆಕ್ಕಕ್ಕಿಲ್ಲ. ಅಪ್ಪ ಎದ್ದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದ, “ಷಿಕಾಂಡಾ, ನಿನ್ನ ಸಾವಿನ ಊಟ ಹಾಕಿಸು ಮೊದಲು, ಆಮೇಲೆ ಇವನದು ಮಾತಾಡುವಿಯಂತೆ!” ಪೆಟ್ಟಿಗೆಯ ಪಕ್ಕ ಅಳುತ್ತಿದ್ದ ಹೆಂಗಸರೂ ನಕ್ಕುಬಿಟ್ಟರು. ಅಪ್ಪ ಕೂತ. ಅವತ್ತಿನಿಂದ ಅವನು ಯಾರ ಮಣ್ಣಿಗೂ ಹೋಗಲಿಲ್ಲ.

ಜೂನ್ ತಿಂಗಳ ಆ ಹೊಡೆದಾಟ ಆದ ವಾರವೇ ಬೆರಿಲ್ ಮೇಡಂ ಮನೆಗೆ ಬಂದಳು. ನನ್ನನ್ನು ನೋಡಲಿಲ್ಲ. ಅಪ್ಪನ ಮುಂದೆ ಸ್ಟೂಲು ಎಳೆದುಕೊಂಡಳು.

“ಯಜಮಾನ್ರೇ, ಸಂಘದ ದೊಡ್ಡ ಮೇಡಂ ಸಿಗ್ನೆ ಬರ್ತಿದ್ದಾರೆ ಗುರುವಾರ. ಅಮುಕೋಯನ ಅಮ್ಮನ ಯಂತ್ರ ಅವರ ಕೈಯಿಂದಾನೇ ಕೊಡ್ತಾರಂತೆ. ಇಲ್ಲೇ, ಮನೆಗೇ ಬಂದು. ಒಂದು ದಿನದ ಮಾತು.”

“ಒಂದು ದಿನ ಸಾಯಬೇಕು ಅಷ್ಟೆ ತಾನೆ,” ಅಂದ ಅಪ್ಪ. “ನಮ್ಮಕ್ಕನ ಮನೆಗೆ ಹೋಗಿರ್ತೀನಿ ಬಿಡು.”

ನನಗೆ ರೇಗಿತು. “ಅವನ್ಯಾಕೆ ಹೋಗ್ಬೇಕು? ತಪ್ಪು ಹೇಳಿದ್ದು ನೀವು. ನೀವೇ ಆಯಮ್ಮನಿಗೆ ಹೇಳಿ, ನಾನು ಒಂದು ಮಾತು ತಪ್ಪಾಗಿ ದಾಟಿಸ್ದೆ ಅಂತ. ನಾಲಿಗೆ ಸವೆಯುತ್ತಾ?”

“ಹೇಳ್ತೀನಪ್ಪಾ. ಹೇಳಿದರೆ ನನ್ನ ಕೆಲಸ ಹೋಗುತ್ತೆ, ಹೋಗ್ಲಿ. ಯಂತ್ರ ವಾಪಸ್ ಜೀಪು ಹತ್ತುತ್ತೆ, ಅದಕ್ಕೇನಂತೀಯ? ಗಂಡ ಇರೋರಿಗೆ ಕೊಡಲ್ಲ ಅವರು. ನೀನು ಓಡಿಸ್ತೀಯಲ್ಲ ಬೈಕು, ಅದು ಯಾವ ಹೊಲಿಗೆಯಿಂದ ಬಂತು ಅಂತ ನಿಮ್ಮಮ್ಮನ್ನ ಕೇಳು ಒಂದ್ಸಲ.”

ಕೇಳುವ ಅಗತ್ಯ ಇರಲಿಲ್ಲ. ಅಮ್ಮನ ಚೀಲಗಳಿಂದ ಬಂದದ್ದು. ಡೆನ್ಮಾರ್ಕಿನ ಹೆಂಗಸರು ವಿಧವೆ ಹೊಲಿದ ಚೀಲ ಎಂದು ಕೊಂಡುಕೊಂಡ ಚೀಲಗಳು. ಎಂದರೆ ಅಪ್ಪನ ಸಾವಿನ ಮೇಲೆ ಕಾಲು ಹಾಕಿ ಕೂತು ನಾನು ದಿನಾ ಮಾರುಕಟ್ಟೆಗೆ ಹೋಗುತ್ತಿದ್ದೆ.

ಮರುದಿನ ಬೆಳಿಗ್ಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ನಿಂತೆ. “ಅದಿಲ್ಲದೆ ಆಗಲ್ವೇನಮ್ಮ? ಚರ್ಚಿನ ಯಂತ್ರದಲ್ಲೇ ಹೊಲಿ.”

“ಅಲ್ಲಿ ಒಂದು ಯಂತ್ರಕ್ಕೆ ಆರು ಜನ ಕಾಯ್ತೀವಿ.” ಬೂದಿ ಮೆತ್ತಿದ ಕೈಯನ್ನು ಅವಳು ಹಾಗೇ ಹಿಡಿದುಕೊಂಡಳು. “ಶಾಲೆಯವರು ಸಮವಸ್ತ್ರ ಪೂರ್ತಿ ನನಗೇ ಕೊಡ್ತೀನಿ ಅಂದಿದ್ದಾರೆ, ಸ್ವಂತ ಯಂತ್ರ ಇದ್ದರೆ. ನನಗದು ಬೇಕು. ಬೇರೇನೂ ಕೇಳಿದವಳಲ್ಲ ನಾನು. ಇದು ಬೇಕು.”

“ಅಪ್ಪ ಬದುಕಿದ್ದಾನೆ.”

“ಗೊತ್ತು. ದಿನಾ ಉಗಾಲಿ ಮುದ್ದೆ ಬೇಯಿಸಿ ಹಾಕೋಳು ನಾನು.” ಮುಂದಿದ್ದ ಪಾತ್ರೆ ಪಕ್ಕಕ್ಕೆ ಸರಿಸಿ, “ನೀನು ಹುಟ್ಟಿದಾಗ ಇಲ್ಲ, ನಿನ್ನ ತಂಗಿ ಜ್ವರ ಬಂದು ತೀರಿಹೋದಾಗ ಇಲ್ಲ, ಸೂರು ಕುಸಿದಾಗ ಇಲ್ಲ. ನಾನು ಅವತ್ತು ಇಲ್ಲ ಅಂದಿದ್ದು ಪೂರ್ತಿ ಸುಳ್ಳೂ ಅಲ್ಲ ಕಣಪ್ಪ,” ಅಂದಳು. ಮತ್ತೆ ಪಾತ್ರೆ ಉಜ್ಜತೊಡಗಿದಳು. ನನ್ನ ಹತ್ತಿರ ಇದ್ದದ್ದು ಸಿಟ್ಟು ಮಾತ್ರ. ಅದು ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ.

ಗುರುವಾರ ಅಪ್ಪ ಕೋಟು ತೊಟ್ಟು, ಅಕ್ಕನ ಮನೆಗೆ ಎಂದು ಜೋಳದ ಹೊಲದ ದಾರಿ ಹಿಡಿದು ಹೋದ. ಅವನ ಚಪ್ಪಲಿ, ಕ್ಷೌರದ ಕನ್ನಡಿ, ಊರುಗೋಲು ಎಲ್ಲವನ್ನೂ ಅಮ್ಮ ಮಂಚದ ಕೆಳಗೆ ತಳ್ಳಿದಳು. ಬೇಲಿಯಾಚೆ ಊರಿಗೆ ಊರೇ ಬಂದು ನಿಂತಿತ್ತು. ಎಲ್ಲರಿಗೂ ವಿಷಯ ಗೊತ್ತು. ಬಾಯಿ ಬಿಡುವಂತಿಲ್ಲ ಎಂದೂ ಗೊತ್ತು, ಯಾಕೆಂದರೆ ಮುಂದಿನ ಸಲಕ್ಕೆ ತಮ್ಮ ಅಕ್ಕತಂಗಿಯರ ಹೆಸರೂ ಹೋಗಬೇಕಲ್ಲ. ಆದರೆ ನೋಡುವುದಕ್ಕೆ ಏನು ಅಡ್ಡಿ?

ಜೀಪಿನಿಂದ ಇಳಿದ ಸಿಗ್ನೆಯನ್ನು ನಾನು ದ್ವೇಷಿಸಬೇಕೆಂದು ತಯಾರಾಗಿ ನಿಂತಿದ್ದೆ. ಆಯಮ್ಮ ಅದಕ್ಕೂ ಅವಕಾಶ ಕೊಡಲಿಲ್ಲ. ನರೆತ ಕೂದಲಿನ ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಅಮ್ಮನ ಎರಡೂ ಕೈ ಹಿಡಿದುಕೊಂಡಳು. ಬೇಯಿಸಿದ ಸಿಹಿಗೆಣಸನ್ನು ಸಿಪ್ಪೆಯ ಸಮೇತ ತಿಂದು ಇನ್ನೊಂದು ಕೇಳಿದಳು. “ನನ್ನ ಗಂಡನೂ ಹೋಗಿ ಮೂರು ವರ್ಷ ಆಯ್ತು,” ಎಂದು ಅಮ್ಮನಿಗೆ ಹೇಳಿ ಎಂದಳು. ಬೆರಿಲ್ ಮೇಡಂ ಹೇಳಿದಳು. ಸಿಗ್ನೆಯ ಕಣ್ಣು ತುಂಬಿತು. ಅಮ್ಮ ನೆಲ ನೋಡಿದಳು. ಬಿಳಿ ಹೆಂಗಸು ಅದನ್ನು ದುಃಖವೆಂದುಕೊಂಡು ಅಮ್ಮನ ಭುಜ ಒತ್ತಿದಳು. ಬೇಲಿಯ ಹತ್ತಿರ ಯಾರೋ ಕೆಮ್ಮಿದರು.

ಯಂತ್ರ ಇಳಿಸಿದರು. ಕಪ್ಪಗೆ ಹೊಳೆಯುವ ಕಾಲುಯಂತ್ರ. ಅಮ್ಮ ಅದರ ಚಕ್ರವನ್ನು ಎರಡು ಬೆರಳಿನಿಂದ ಒಂದು ಸುತ್ತು ತಿರುಗಿಸಿದಳು. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಒಂದು ಗಳಿಗೆ ನನಗೂ ಸಂತೋಷವಾಯಿತು, ಇದೇ ನಡೆದುಹೋಗಲಿ, ಅಪ್ಪ ಬೇಕಾದರೆ ಇನ್ನೂ ಎರಡು ದಿನ ಸತ್ತಿರಲಿ ಅನ್ನಿಸಿತು. ಹೌದು, ಅನ್ನಿಸಿತು.

ಸಿಗ್ನೆ ಹೊರಡಲು ಎದ್ದಳು. ಆಗ ಬೇಲಿಯಾಚೆ ಗುಸುಗುಸು ಶುರುವಾಯಿತು.

“ಏನು, ಬರಿಗೈಲಿ ಕಳಿಸ್ತಾರಾ?” ಅಂತು ಒಂದು ಮುದುಕಿ, ಎಲ್ಲರಿಗೂ ಕೇಳುವ ಹಾಗೆ.

ದೂರದಿಂದ ಮನೆಗೆ ಬಂದವರು ಹೊರಡುವಾಗ ಜೀವ ಇರುವ ಕೋಳಿ ಹಿಡಿದುಕೊಂಡೇ ಅಂಗಳ ದಾಟಬೇಕು. ನಮ್ಮಲ್ಲಿ ಅದು ಬಿಟ್ಟರೆ ಎಲ್ಲಾ ಬಿಟ್ಟ ಹಾಗೆ. ಕೊಡಬೇಕಾದವನು ಮನೆಯ ಯಜಮಾನ. ಅವನು ಸತ್ತಿದ್ದರೆ ಹಿರಿಮಗ. ಎಂದರೆ ನಾನು. ಗಂಡನಿಲ್ಲದ ಮನೆ ಎಂದು ಅಮ್ಮ ಎಲ್ಲವನ್ನೂ ಅಣಿ ಮಾಡಿದ್ದಳು, ಚಪ್ಪಲಿಯನ್ನೂ ಬಚ್ಚಿಟ್ಟಿದ್ದಳು. ಕೋಳಿ ಹಿಡಿದಿಡುವುದು ಮಾತ್ರ ನನ್ನ ಕೆಲಸವೆಂದು ನನಗೆ ಹೊಳೆದೇ ಇರಲಿಲ್ಲ. ನನ್ನ ತಲೆಯಲ್ಲಿ ಅಪ್ಪ ಬದುಕಿದ್ದನಲ್ಲ.

ಅಮ್ಮ ನನ್ನ ಕಡೆ ನೋಡಿದಳು. ನಾನು ಅಂಗಳ ಹುಡುಕಿದೆ. ಕೋಳಿಗಳೆಲ್ಲ ಜನ ನೋಡಿ ಹೆದರಿ ಹೊಲ ಸೇರಿದ್ದವು.

ಜೋಳದ ಗಿಡಗಳು ಅಲುಗಾಡಿದವು. ಅಪ್ಪ ಹೊರಗೆ ಬಂದ. ಅವನು ಅಕ್ಕನ ಮನೆಗೆ ಹೋಗಿರಲೇ ಇಲ್ಲ. ಅಷ್ಟು ಹೊತ್ತೂ ಅಲ್ಲೇ, ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಕೋಟಿನ ಮೇಲೆಲ್ಲ ಜೋಳದ ಹೂವಿನ ಪುಡಿ. ಕಂಕುಳಲ್ಲಿ ನಮ್ಮ ಕೆಂಪು ಹುಂಜ, ಕಾಲು ಕಟ್ಟಿದ್ದು. ಬೇಲಿಯಾಚೆಯವರು ಕತ್ತು ಚಾಚಿದರು. ಅವನು ನೇರ ಬಂದು, ಎರಡೂ ಕೈಯಲ್ಲಿ ಹುಂಜವನ್ನು ಸಿಗ್ನೆಗೆ ನೀಡಿದ.

“ನಿಮ್ಮ ಮನೆ ಮುಟ್ಟೋವರೆಗೂ ಕೂಗ್ತಿರಲಿ,” ಅಂದ. ಯಜಮಾನನಾದವನು ಹೇಳುವ ಮಾತು ಅದು.

ಬೆರಿಲ್ ಮೇಡಂ ನಡುವೆ ನುಗ್ಗಿದಳು. “ಪಕ್ಕದ ಮನೆಯವರು. ಬಹಳ ಒಳ್ಳೆಯವರು,” ಎಂದು ಇಂಗ್ಲಿಷಿನಲ್ಲಿ ಬಡಬಡಿಸಿದಳು. ಅಷ್ಟು ಇಂಗ್ಲಿಷು ಬಂದರಿನಲ್ಲಿದ್ದ ಅಪ್ಪನಿಗೂ ಗೊತ್ತಾಗುತ್ತದೆ. ಹೌದು ಎನ್ನುವಂತೆ ತಲೆಯಾಡಿಸಿದ.

ಸಿಗ್ನೆ ಹುಂಜವನ್ನು ಕೂಸಿನ ಹಾಗೆ ಎದೆಗೆ ಒತ್ತಿ ಹಿಡಿದು ನಕ್ಕಳು. ನಗುತ್ತ ಅಪ್ಪನ ಮುಖ ನೋಡಿದಳು. ಆಮೇಲೆ ನನ್ನ ಮುಖ. ಮತ್ತೆ ಅವನದು. ನಮ್ಮಿಬ್ಬರದೂ ಒಂದೇ ಹಣೆ, ಒಂದೇ ದವಡೆ, ಎಡಕಿವಿ ಇಬ್ಬರಿಗೂ ಸ್ವಲ್ಪ ಮುಂದಕ್ಕೆ. ಅವಳ ನಗು ಮೆಲ್ಲಗೆ ಇಳಿಯಿತು. ಬೆರಿಲ್ ಮೇಡಂನ ಕಡೆ ತಿರುಗಲಿಲ್ಲ. ತಾನೇ ಕಲಿತುಕೊಂಡಿದ್ದ ಮುರುಕು ಸ್ವಾಹಿಲಿಯಲ್ಲಿ, ಒಂದೊಂದೇ ಶಬ್ದ ಹುಡುಕಿ, ನನ್ನನ್ನೇ ಕೇಳಿದಳು.

“ಮಗೂ, ಇವರು ನಿನಗೆ ಏನಾಗ್ಬೇಕು?”

ಬೇಲಿಯಾಚೆಯ ಸಣ್ಣ ಮಕ್ಕಳಿಗೂ ಅದು ಅರ್ಥವಾಯಿತು. ಅಮ್ಮನ ಕೈ ಯಂತ್ರದ ಚಕ್ರದ ಮೇಲೆ ಇತ್ತು, ಅದನ್ನು ಹಿಡಿದುಕೊಂಡಿದ್ದಳು. ಅಪ್ಪ ನನ್ನನ್ನು ನೋಡುತ್ತಿದ್ದ. ಹೇಳು ಎಂದೂ ಅಲ್ಲ, ಬೇಡ ಎಂದೂ ಅಲ್ಲ. ನಾನು ಏನು ಅಂದರೂ ಅದೇ ಆಗಿಬಿಡಲು ತಯಾರಾದವನ ಹಾಗೆ, ಗುಂಡಿ ಹಾಕಿದ ಕೋಟಿನಲ್ಲಿ ನೆಟ್ಟಗೆ ನಿಂತಿದ್ದ.

ಲುಸಿಗಿಯ ಕೆನ್ನೆಗೆ ಬೀಸಿದ ಕೈ ನನ್ನದೇ. ಬೆರಿಲ್ ಮೇಡಂನ ಮುಂದೆ ಹಾರಾಡಿದ ನಾಲಿಗೆಯೂ ನನ್ನದೇ. ‘ಅಪ್ಪ’ ಎನ್ನಲು ಎರಡು ಅಕ್ಷರ ಸಾಕಿತ್ತು. ‘ಯಾರೂ ಅಲ್ಲ’ ಎನ್ನಲು ಇನ್ನೆರಡು ಹೆಚ್ಚು.

ನಾನು ತಿರುಗಿ ನಡೆದೆ. ಬೈಕಿನ ಕಡೆಗಲ್ಲ, ಅದನ್ನು ಮುಟ್ಟಲು ಆಗಲಿಲ್ಲ. ಬೇಲಿಯ ಜನ ಸರಿದು ದಾರಿ ಬಿಟ್ಟರು, ಹೆಣ ಹೊತ್ತವರಿಗೆ ಬಿಡುವ ಹಾಗೆ.

“ಹುಡುಗನಿಗೆ ನಾಚಿಕೆ,” ಎಂದು ಅಪ್ಪ ಆಯಮ್ಮನಿಗೆ ಸ್ವಾಹಿಲಿಯಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. “ಹೊಸಬರು ಬಂದ್ರೆ ಹಾಗೇ ಅವನು. ನೀವೇನೂ ಅಂದ್ಕೋಬೇಡಿ.”

ನಾನು ನಡೆಯುತ್ತಲೇ ಇದ್ದೆ.