ಓಣಿಗೆಲ್ಲ ಒಂದೇ ಗುಟ್ಟು

ಹೆದರಿಸಿ ಕೆಲಸ ಮಾಡಿಸಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವನೊಬ್ಬ ನಮ್ಮ ಮನೆಗೇ ಬಂದ. ಬಾಗಿಲು ತಟ್ಟಿ ಬರುವಷ್ಟು ಧೈರ್ಯವಿರಲಿಲ್ಲ, ನಮ್ಮ ಮಾವನವರ ಇಮೇಲಿನಲ್ಲಿ ನುಸುಳಿ ಬಂದ.

ನಮ್ಮ ಮಾವ ಗೋರಖನಾಥರು ಭಾತಂಬ್ರಾದ ಶಾಲೆಯಲ್ಲಿ ಮುಖ್ಯಗುರುಗಳಾಗಿ ನಿವೃತ್ತರಾದವರು. ನಮ್ಮ ಓಣಿಯ ಬುದ್ಧ ವಿಹಾರದ ಅಧ್ಯಕ್ಷರು. ರವಿವಾರ ಬೆಳಿಗ್ಗೆ ವಂದನೆ ಹೇಳಿಸುವವರೂ ಅವರೇ. ಪಂಚಶೀಲದಲ್ಲಿ ಯಾರಾದರೂ ಒಂದಕ್ಷರ ನುಂಗಿದರೆ ಇಡೀ ಸಭೆಯನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿಸುತ್ತಾರೆ. ಅಂಥ ಮನುಷ್ಯ ಆ ಶನಿವಾರ, ನಾನು ಭಾಲ್ಕಿಯಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ, ಬಟ್ಟೆ ತುಂಬಿದ ಚೀಲ ಕಾಲ ಬಳಿ ಇಟ್ಟುಕೊಂಡು ಕೂತಿದ್ದರು.

"ಎಲ್ಲಿಗಿ ಹೊಂಟೀರಿ ಮಾಮಾ?"

"ಔರಾದ್ ಕಡಿಗಿ. ಚಿಂತಾಕಿ ಊರಾಗ ಮಗಳ ಮನ್ಯಾಗ ಇರ್ತೇನಿ."

"ನಾಳಿ ವಂದನಾ ಯಾರು ಹೇಳಸ್ತಾರ್ರಿ?"

"ಯಾರರೆ ಹೇಳಸ್ಲಿ. ಅಧ್ಯಕ್ಷನೂ ಬ್ಯಾರೆಯವ್ರೇ ಆಗ್ಲಿ. ನನ್ನಿಂದ ಆಗಲ್ಲವ್ವ ಕರುಣಾ."

ಅತ್ತೆ ಕೌಸಲ್ಯಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. "ಮುಂಜಾನಿ ಆ ಕಂಪ್ಯೂಟರ್ ನೋಡಿದಾಗಿಂದ ಹಿಂಗೇ ಅದಾರ. ರೊಟ್ಟಿ ಮುಟ್ಟಿಲ್ಲ. ಏನಾಯ್ತು ಅಂದ್ರ ಹೇಳಲ್ಲ," ಎಂದರು.

ನಾನು ಬಿಡುವವಳೇ? ಕೇಳಿ ಕೇಳಿ ಸಾಕು ಮಾಡಿದೆ. ಕೊನೆಗೆ ಮಾವ ಕಂಪ್ಯೂಟರ್ ಚಾಲೂ ಮಾಡಿ, ನನಗೆ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತುಬಿಟ್ಟರು.

ಇಂಗ್ಲಿಷಿನ ಮೇಲ್ ಅದು. ನಿನ್ನ ಕಂಪ್ಯೂಟರಿನೊಳಗೆ ಹೊಕ್ಕಿದ್ದೇನೆ, ನೀನು ಹೊಲಸು ವಿಡಿಯೋ ನೋಡುವಾಗ ಕ್ಯಾಮೆರಾದಿಂದ ನಿನ್ನನ್ನು ಚಿತ್ರೀಕರಿಸಿದ್ದೇನೆ, ಎರಡು ದಿನದೊಳಗೆ ಬಿಟ್‌ಕಾಯಿನ್ ಕಳಿಸದಿದ್ದರೆ ನಿನ್ನ ಬಂಧುಬಳಗಕ್ಕೆಲ್ಲ ಅದನ್ನು ಹಂಚುತ್ತೇನೆ ಎಂದು ಬರೆದಿದ್ದ. ನಂಬದಿದ್ದರೆ ನೋಡು, ನಿನ್ನ ಪಾಸ್‌ವರ್ಡ್ ಇದೇ ಅಲ್ಲವೇ ಎಂದು ಕೊನೆಯಲ್ಲಿ ಒಂದು ಸಾಲು: ದೀಕ್ಷಾ, ಅದಕ್ಕೆ ಅಂಟಿಕೊಂಡು ೧೯೫೬.

"ನೋಡೀರೇನ್ರಿ ಮಾಮಾ, ಅಂಥವು?" ನಾನು ನೇರವಾಗಿಯೇ ಕೇಳಿದೆ.

"ಇಲ್ಲವ್ವ. ಖರೇನೇ ಇಲ್ಲ. ಆದ್ರ ಪಾಸ್‌ವರ್ಡ್ ನಂದೇ ಅದ. ನಾನು ಯಾರಿಗೂ ಹೇಳಿಲ್ಲ, ಎಲ್ಲೂ ಬರದಿಟ್ಟಿಲ್ಲ. ಅದು ಖರೇ ಅದ ಅಂದ್ಮ್ಯಾಲ ಉಳಿದದ್ದೂ ಖರೇ ಅಂತಾರ ಮಂದಿ. ಮೂರನೇ ಶೀಲ ಹೇಳಸೋ ಮುಂದ ಎಲ್ಲಾರೂ ನನ್ನ ಮಾರಿ ನೋಡ್ತಾರ. ಹ್ಯಾಂಗ ಹೇಳಸ್ಲಿ?"

ಕಾಮದಲ್ಲಿ ಅಡ್ಡದಾರಿ ಹಿಡಿಯುವುದಿಲ್ಲ ಎಂಬ ಶೀಲ ಅದು. ತಪ್ಪು ಮಾಡದ ಮನುಷ್ಯನೊಬ್ಬ ಅದಕ್ಕಾಗಿ ಊರು ಬಿಡಲು ಹೊರಟಿದ್ದ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆದರೆ ಅದಕ್ಕಿಂತ ಮೊದಲು ಬೆವರು ಬಂತು. ಯಾಕೆಂದರೆ ಆ ಪಾಸ್‌ವರ್ಡ್ ನನ್ನದೂ ಆಗಿತ್ತು.

"ಮಾಮಾ, ನಂದೂ ಅದೇ ಅದರಿ."

ಅವರು ತಿರುಗಿ ನೋಡಿದರು. ಬೀದರಿನಲ್ಲಿ ಕಚೇರಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನ ತಮ್ಮ ಅಶ್ವಜಿತನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟೆ.

"ಅಕ್ಕಾ, ಇದು ಕತ್ತಲದಾಗ ಕಲ್ಲು ಹೊಡಿಯೋ ಧಂದಾ," ಎಂದ ಅವನು. "ಯಾವ್ದೋ ಹಳೇ ಸೈಟಿನಿಂದ ಪಾಸ್‌ವರ್ಡ್ ಸೋರಿರ್ತಾವ. ಅವನ್ನ ಹಿಡಕೊಂಡು ಲಕ್ಷಗಟ್ಟಲೆ ಮಂದಿಗಿ ಇದೇ ಮೇಲ್ ಒಗಿತಾರ. ವಿಡಿಯೋ ಗಿಡಿಯೋ ಏನೂ ಇರಲ್ಲ. ಮಾಮಾರ ಕಂಪ್ಯೂಟರಿಗಿ ಕ್ಯಾಮೆರಾ ಎಲ್ಲದ?"

ಮೂವರೂ ಕಂಪ್ಯೂಟರಿನತ್ತ ನೋಡಿದೆವು. ಕ್ಯಾಮೆರಾ ಇರಲಿಲ್ಲ. ಎಂದೂ ಇರಲಿಲ್ಲ.

"ಉತ್ತರ ಬರೀಬ್ಯಾಡ್ರಿ, ಪೈಸಾ ಕಳಸಬ್ಯಾಡ್ರಿ. ಮೇಲ್ ಅಳಸಬ್ಯಾಡ್ರಿ, ಸೈಬರ್ ಪೊಲೀಸರಿಗಿ ಕಂಪ್ಲೇಂಟ್ ಕೊಡ್ಲಾಕ ಬೇಕಾಗ್ತದ. ಆ ಪಾಸ್‌ವರ್ಡ್ ಎಲ್ಲೆಲ್ಲಿ ಅದ ಅಲ್ಲೆಲ್ಲ ಬದಲಿಸ್ರಿ, ಒಂದೊಂದು ಕಡಿಗಿ ಒಂದೊಂದು. ಪಾಸ್‌ವರ್ಡ್ ಆದ್ಮ್ಯಾಲ ಫೋನಿಗಿ ಬರೋ ಓಟಿಪಿನೂ ಕೇಳೋ ಹಂಗ ಮಾಡ್ರಿ. ಅಂದಂಗ, ಪಾಸ್‌ವರ್ಡ್ ಏನಿತ್ತು?"

ಹೇಳಿದೆ. ಅವನು ಮೆಲ್ಲಗೆ, "ನನ್ನ ಬ್ಯಾಂಕಿಂದೂ ಅದೇ ಅದ ಅಕ್ಕಾ. ಈಗ ಫೋನ್ ಇಡ್ತೇನಿ," ಎಂದ.

ನಾನು ನಕ್ಕೆ. ಮಾವ ನಗಲಿಲ್ಲ. "ನಿಮಗ ಸಮಜಾಯ್ತು. ಮಂದಿಗಿ ಯಾರು ಹೇಳ್ತಾರ?" ಎಂದು ಚೀಲಕ್ಕೆ ಕೈ ಹಾಕಿದರು.

"ನೀವೇ ಹೇಳ್ರಿ. ನಾಳಿ, ವಿಹಾರದಾಗ, ಎಲ್ಲಾರ ಮುಂದ. ಓಡಿಹೋದ್ರ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರ್ರಿ."

"ಸೊಸಿ ಆಗಿ ಇಂಥ ಮಾತು ಆಡ್ತೀ?"

"ಆಡ್ತೇನ್ರಿ. ಬೇಕಂದ್ರ ನಾನೇ ಓದ್ತೇನಿ."

ಆಗ ಅತ್ತೆ ಮೊರ ಕೆಳಗಿಟ್ಟರು. ನಮ್ಮ ಅತ್ತೆ ಗಂಡನಿಗೆ ಎದುರಾಡಿದ್ದನ್ನು ನಾನು ನೋಡಿದವಳಲ್ಲ. "ನಿಮ್ಮಪ್ಪ ಐವತ್ತಾರನೇ ಇಸ್ವಿದಾಗ ನಾಗಪುರಕ್ಕ ಹೋಗಿ ಬುದ್ಧ ಧಮ್ಮದ ದೀಕ್ಷಾ ತಗೊಂಡು ಬಂದಾಗ ಇಡೀ ಊರೇ ಹೆದರಸಿತ್ತು," ಎಂದರು. "ನೀರು ಬಂದ್ ಮಾಡ್ತೇವಿ ಅಂದ್ರು, ಕೂಲಿ ಬಂದ್ ಮಾಡ್ತೇವಿ ಅಂದ್ರು. ಅವ್ರು ಚೀಲ ತುಂಬಲಿಲ್ಲ. ನೀವು ಮಾರಿ ಇಲ್ಲದವನಿಗಿ ಹೆದರಿ ತುಂಬೀರಿ."

ಮಾವ ಚೀಲದಿಂದ ಕೈ ತೆಗೆದರು. ಔರಾದಿನ ಬಸ್ಸು ಅವರಿಲ್ಲದೆಯೇ ಹೋಯಿತು.

ರವಿವಾರ ವಂದನೆ ಮುಗಿಯಿತು. ಮೂರನೇ ಶೀಲದ ಹತ್ತಿರ ಮಾವನ ದನಿ ತುಸು ನಡುಗಿದ್ದು ನನಗೆ ಗೊತ್ತಾಯಿತು. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂಡುತ್ತಾರೆ. ವಂದನೆಯಾದ ಮೇಲೆ ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಎದ್ದು ಹೇಳುವುದು ರೂಢಿ. ಮಾವ ಎದ್ದರು. ಮೇಲನ್ನು ಪೂರ್ತಿ ಓದಿದರು, ಹೊಲಸು ಮಾತನ್ನೂ ಬಿಡದೆ, ಒಂದೊಂದು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಂಡಸರು ನೆಲ ನೋಡಿದರು.

"ಇದು ಝೂಟ್ ಅದ. ನಾನು ಇಂಥದು ನೋಡಿಲ್ಲ. ನಂಬೋರು ನಂಬ್ರಿ, ಬಿಡೋರು ಬಿಡ್ರಿ. ಆದ್ರ ನನ್ನ ಪಾಸ್‌ವರ್ಡ್ ಕಳುವಾಗಿದ್ದು ಖರೇ ಅದ." ಅದನ್ನೂ ಹೇಳಿಬಿಟ್ಟರು. "ಇದೇ ಪಾಸ್‌ವರ್ಡ್ ಇನ್ಯಾರದರೆ ಅದ ಏನು?"

ನಾನು ಕೈ ಎತ್ತಿದೆ. ಕ್ಷಣ ಹೊತ್ತು ನನ್ನದೊಂದೇ ಕೈ. ಆಮೇಲೆ ಗಂಡಸರ ಕಡೆ ಒಂದು, ಕಾಲೇಜಿನ ಹುಡುಗಿಯರ ಸಾಲಿನಲ್ಲಿ ನಾಲ್ಕೈದು, ಹಿಂದೆ ಗೋಡೆಗೆ ಒರಗಿದವರದು. ಅರ್ಧ ವಿಹಾರ ಕೈ ಎತ್ತಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿತ್ತು. ಯಾರಿಗೂ ಯಾರೂ ಹೇಳಿಕೊಟ್ಟದ್ದಲ್ಲ. ನಮ್ಮ ಹಿರಿಯರು ತಲೆಯೆತ್ತಿದ ವರ್ಷವನ್ನು ಎಂದೂ ಮರೆಯಲಾರೆವು ಎಂದು ಪ್ರತಿಯೊಬ್ಬರೂ ಅದನ್ನೇ ತಮ್ಮ ಗುಟ್ಟು ಮಾಡಿಕೊಂಡಿದ್ದರು. ನಗೆ ಎಲ್ಲಿಂದಲೋ ಶುರುವಾಗಿ ಇಡೀ ವಿಹಾರ ತುಂಬಿತು. ಮಾವನೂ ನಕ್ಕರು.

ಆ ನಗೆಯ ನಡುವೆ ಹುಡುಗಿಯರ ಸಾಲಿನಲ್ಲಿ ವಿಶಾಖಾ ಎದ್ದು ನಿಂತಳು. ಅಂಗಡಿಯ ಸಂಘಪಾಲನ ಮಗಳು, ಭಾಲ್ಕಿಯಲ್ಲಿ ಡಿಗ್ರಿ ಓದುತ್ತಾಳೆ. ಎತ್ತಿದ ಕೈ ಇಳಿಸಿರಲಿಲ್ಲ.

"ಸರ್, ನನಗ ಮೇಲೂ ಬಂದದರಿ. ಇದೇ ಮೇಲು." ಅವಳು ಅಪ್ಪನ ಕಡೆ ನೋಡಲಿಲ್ಲ. "ಹೋದ ವಾರ ಬಂದದ. ಅದಕ್ಕೇ ಕಾಲೇಜಿಗಿ ಹೋಗಿಲ್ರಿ. ಮನ್ಯಾಗ ಜ್ವರ ಅಂತ ಹೇಳೀನಿ. ಅಪ್ಪಗ ಗೊತ್ತಾದ್ರ ಓದು ಬಿಡಸ್ತಾನ ಅಂತ."

ಎಲ್ಲರೂ ಸಂಘಪಾಲನ ಕಡೆ ತಿರುಗಿದರು. ಅವನು ಬಲು ಬಿರುಸಿನ ಮನುಷ್ಯ. ಎದ್ದು ಬಂದು ಹೊಡೆದಾನು ಎಂದು ನಾನು ವಿಶಾಖಾಳ ಪಕ್ಕಕ್ಕೆ ಹೋಗಿ ನಿಂತೆ, ಹೊಡೆಯಲಿ ನೋಡೋಣ ಎಂದೇ ನಿಂತೆ. ಅವನು ಎದ್ದ. ಟವೆಲಿನಿಂದ ಮುಖ ಒರೆಸಿಕೊಂಡ.

"ನನಗೂ ಬಂದದವ್ವ," ಎಂದ ಮಗಳಿಗೆ. "ನಿನಗ ತಿಳೀಬಾರ್ದಂತ ಇಂಟರ್ನೆಟ್ ಬಂದ್ ಮಾಡ್ಸೀನಿ."

ಒಂದೇ ಸೂರಿನ ಕೆಳಗೆ ಅಪ್ಪ ಮಗಳಿಗೆ ಅಂಜಿ, ಮಗಳು ಅಪ್ಪನಿಗೆ ಅಂಜಿ ಒಂದು ವಾರ ಉಂಡಿದ್ದರು.

ಮಾವ ಇಬ್ಬರನ್ನೂ ನೋಡಿದರು. "ನಾ ನಿನ್ನೆ ಚಿಂತಾಕಿಗಿ ಹೋಗಿದ್ರ," ಎಂದು ಏನೋ ಹೇಳಹೊರಟವರು ಅಲ್ಲಿಗೇ ನಿಲ್ಲಿಸಿದರು. ವಿಶಾಖಾ ಹೆಂಗಸರ ಸಾಲು ದಾಟಿ ಹೋಗಿ, ಗಂಡಸರ ನಡುವೆ ಅಪ್ಪನ ಪಕ್ಕದಲ್ಲಿ ಕೂತಳು. ಅಲ್ಲಿ ಕೂಡಬೇಡ ಎಂದು ಯಾರೂ ಅನ್ನಲಿಲ್ಲ.