ಕ್ರಿಸ್‌ಮಸ್ ಬೆಳಗಿನ ಕರಿ ನಾಲ್ಕು

ಕ್ರಿಸ್‌ಮಸ್ ಬೆಳಗಿನ ಆರಾಧನೆಗೆ ಇನ್ನು ಅರ್ಧ ಗಂಟೆಯಿತ್ತು. ಊರೆಲ್ಲ ಎದ್ದಿತ್ತು, ಶಿವದೇವಿಯ ಗಂಟಲು ಮಾತ್ರ ಇನ್ನೂ ಎದ್ದಿರಲಿಲ್ಲ.

ಬೇಗಂಪೇಟೆಯ ಆ ಸಣ್ಣ ಕನ್ನಡ ಚರ್ಚಿನಲ್ಲಿ ಭೈರವ ರಾಗದ ಯೇಸು ಜನನದ ಹಾಡು ಅವಳದೇ. ಗಂಡ ಅಮೃತಪ್ಪ ಹಾರ್ಮೋನಿಯಂ ಪೇಟಿ ಬಾರಿಸುವುದು, ಇವಳು ಹಾಡುವುದು. ಅದೂ ಕರಿ ನಾಲ್ಕರಲ್ಲಿ, ಅಂದರೆ ಪೇಟಿಯಲ್ಲಿ ಬೆರಳಿಡುವ ಮನೆಗಳ ಪೈಕಿ ನಾಲ್ಕನೇ ಕರಿ ಮನೆಯನ್ನೇ ಷಡ್ಜವಾಗಿ ಹಿಡಿದು. ಈ ಚಳಿಗಾಲಕ್ಕೆ ಅವಳಿಗೆ ಅರವತ್ತು ತುಂಬಿತ್ತು. ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ದನಿ ಒಡೆಯುತ್ತಿತ್ತು.

ಎರಡು ಮನೆ ಇಳಿಸಿ ಹಾಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಶಿವದೇವಿಯ ಮರ್ಯಾದೆ ಹೋಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಜೊತೆಗೆ ಹಾಡುತ್ತಿದ್ದ ತುಳಸಾಬಾಯಿ, "ನಂಗ ಆಗವಲ್ದು, ಸ್ವಲ್ಪ ಇಳಸೂಣು" ಎಂದಾಗ ಎಲ್ಲರೆದುರು ಇವಳು, "ದನಿ ಇಳದ ಮ್ಯಾಲ ಬಾಯಿ ಮುಚ್ಚಿ ಕುಂದರೂದು ಚಂದ" ಎಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ತುಳಸಾಬಾಯಿ ಹಾಡಲು ಬಾಯಿ ತೆರೆದಿರಲಿಲ್ಲ. ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂತು ಅಮೃತಪ್ಪನ ಬೆರಳುಗಳನ್ನೇ ನೋಡುತ್ತಿದ್ದಳು.

"ರೀ, ನೀವು ಮನಿ ಇಳಿಸಿದ್ರ ನಾ ಹಾಡಂಗಿಲ್ಲ ನೋಡ್ರಿ."

"ಇಲ್ಲವ್ವಾ ತಾಯಿ. ನನ್ನ ಬೆರಳು ಕರಿ ನಾಲ್ಕರ ಮ್ಯಾಲೇ ಇರ್ತಾವ" ಎಂದು ಅಮೃತಪ್ಪ ಅಬಿಡ್ಸ್ ಪೇಟೆಯಲ್ಲಿ ಕೊಂಡ ತಂಬೂರಿ ಯಂತ್ರದ ಶ್ರುತಿಯ ಕಿವಿ ಹಿಂಡುತ್ತ ಕೂತ.

ಚರ್ಚು ತುಂಬಿತು. ಪಟಾನ್‌ಚೆರುವಿನ ಕಾರ್ಖಾನೆಯವರು ಶಾಲು ಹೊದ್ದು ಬಂದರು. ಕಂಪ್ಯೂಟರ್ ಕಂಪನಿಯ ಹುಡುಗ ಹುಡುಗಿಯರು ರಾತ್ರಿ ಪಾಳಿ ಮುಗಿಸಿ, ಕೊರಳ ಗುರುತಿನ ಚೀಟಿ ಸಮೇತ ನೇರ ಬಂದರು. ಆಂಟಿಗೆ ಆಗದಿದ್ದರೆ ಇರಲೆಂದು ಹಾಡಿನ ಸಿ.ಡಿ.ಯನ್ನೂ ತಂದಿದ್ದರು! ಶಿವದೇವಿಗೆ ಮೈಯೆಲ್ಲ ಉರಿಯಿತು.

ಹಾಡು ಶುರುವಾಯಿತು. ದನಿ ಹೆದರುತ್ತಲೇ ಒಂದೊಂದು ಮೆಟ್ಟಿಲು ಹತ್ತಿತು. ಮೇಲಿನ ಷಡ್ಜ ಬಂತು. ಕಣ್ಣು ಮುಚ್ಚಿ ದನಿ ಬಿಟ್ಟಳು. ಅದು ಷಡ್ಜದ ಮೇಲೆ ಹೋಗಿ ನಿಂತಿತು, ಒಡೆಯಲಿಲ್ಲ. ಎದೆಯ ಮೇಲಿನ ಬೀಸುಕಲ್ಲು ಯಾರೋ ಎತ್ತಿಟ್ಟಂತಾಯಿತು.

ಆರಾಧನೆ ಮುಗಿದ ಮೇಲೆ ತುಳಸಾಬಾಯಿ ಹತ್ತಿರ ಬಂದಳು. "ಕರಿ ನಾಲ್ಕ! ಬೆರಳ ನೋಡಾಕತ್ತಿದ್ದೆ ನಾ. ಖರೇನ ದೇವರು ಕೊಟ್ಟ ಗಂಟಲು ನಿಂದು."

ಶಿವದೇವಿ ಬೀಗಿದಳು. ಬೀಗುತ್ತಲೇ ಪೇಟಿಗೆ ಬಟ್ಟೆ ಹೊದಿಸಲು ಬಾಗಿದವಳು ಹಾಗೇ ನಿಂತಳು. ಅದು ಮನೆಗಳ ಸಾಲನ್ನೇ ಸರಿಸಬಹುದಾದ ಪೇಟಿ. ಬೆರಳು ಇದ್ದಲ್ಲೇ ಇರುತ್ತದೆ, ಸ್ವರ ಮಾತ್ರ ಇಳಿಯುತ್ತದೆ. ಸಾಲು ಎರಡು ಮನೆ ಕೆಳಗೆ ಸರಿದು ಕೂತಿತ್ತು, ತಂಬೂರಿ ಯಂತ್ರದ ಕಿವಿಯೂ ಅಷ್ಟೇ ಇಳಿದಿತ್ತು. ಹಾಡುವಾಗ ಅವಳಿಗೆ ತಿಳಿಯಲಿಲ್ಲವೇ ಅಂದರೆ, ಹೆದರಿದವಳಿಗೆ ಕಿವಿ ಎಲ್ಲಿಂದ ಬರಬೇಕು!

ಅಮೃತಪ್ಪ ಛಾವಣಿ ನೋಡುತ್ತಿದ್ದ. "ಚಳಿಗೆ ಸರದಿರಬೇಕು" ಎಂದ.

ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಅದರ ಹಿಂದೆಯೇ ಕಣ್ಣೀರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತುಳಸಾಬಾಯಿಯ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ತುಳಸಕ್ಕಾ, ಎರಡು ಮನಿ ಇಳಿಸ್ಯಾರ ನೋಡು. ನಂದೂ ದನಿ ಇಳದೈತಿ. ಅವತ್ತ ನಾ ಭಾಳ ತಪ್ಪು ಮಾತಾಡಿದೆ."

ತುಳಸಾಬಾಯಿ ಪೇಟಿಯನ್ನೂ ಇವಳನ್ನೂ ನೋಡಿದಳು. "ಹಾಡಿ ಹನ್ನೆರಡು ವರ್ಷ ಆತವ್ವ" ಎಂದಳು, ಅಷ್ಟೇ.

ಶಿವದೇವಿ ಅವಳ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು. "ರೀ, ಪೇಟಿ ಮುಚ್ಚಬ್ಯಾಡ್ರಿ. ಇನ್ನೊಂದು ಮನಿ ಇಳಸ್ರಿ."