ಏರು ಹತ್ತಿದ ಗಾಡಿ

ಏರಿನ ಅರ್ಧಕ್ಕೆ ಬಂದ ಗಾಡಿ ಅಲ್ಲೇ ನಿಂತುಬಿಟ್ಟಿತು. ಹಿಂದಿನ ಚಕ್ರಗಳು ಕೆಂಪು ಮಣ್ಣು ಕೆದರುತ್ತ ಸುತ್ತಿದವೇ ಹೊರತು ಗಾಡಿ ಒಂದು ಗೇಣೂ ಮುಂದೆ ಸರಿಯಲಿಲ್ಲ. ಗಂಗಲಕ್ಷ್ಮಿ ಬ್ರೇಕು ತುಳಿದು ಹಿಡಿದು, ಹ್ಯಾಂಡ್‌ಬ್ರೇಕ್ ಎಳೆದು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಅವಳ ಗಂಡ ಭೀಮರಾಜು ಆಗಲೇ ಕೆಳಗಿಳಿದು ಚಕ್ರದ ಹಿಂದೆ ಕಲ್ಲು ಕೊಟ್ಟಿದ್ದ. ಇನ್ನು ಕಾಲು ತೆಗೆಯಬಹುದು ಎಂದು ಕೈ ಆಡಿಸಿದ.

ಅರ್ಧ ಕಾಯಿ ಇಳಿಸದೆ ಬೇರೆ ದಾರಿ ಇರಲಿಲ್ಲ. ಆ ತಿಂಗಳಲ್ಲಿ ಇದು ಮೂರನೇ ಸಲ. ದಂಡಿನಶಿವರದ ಮಲ್ಲಿಕಾರ್ಜುನಯ್ಯನವರ ತೆಂಗಿನ ತೋಟ ಇದ್ದದ್ದು ಹಳ್ಳದ ಪಕ್ಕದ ತಗ್ಗಿನಲ್ಲಿ. ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಕೂತು ಕೊಬ್ಬರಿಯಾಗುವ ಅಟ್ಟ ಮಾತ್ರ ಮೇಲೆ, ರಸ್ತೆಯ ಮಗ್ಗುಲಲ್ಲಿ. ನಡುವೆ ಈ ಏರು. ಪುಟ್ಟ ಗಾಡಿ ಒಂಬತ್ತು ವರ್ಷ ಹೇಗೋ ಹತ್ತಿತ್ತು. ಈಗ ಅದರ ಎಂಜಿನ್ನಿಗೆ ವಯಸ್ಸಾಗಿತ್ತು.

ಮಲ್ಲಿಕಾರ್ಜುನಯ್ಯನವರು ಬದುವಿನ ಮೇಲೆ ನಿಂತು ಎಲ್ಲವನ್ನೂ ನೋಡಿದರು. ರೇಗುವ ಮನುಷ್ಯರಲ್ಲ ಅವರು. ಗಂಡ ಹೆಂಡತಿ ಎರಡನೇ ಸುತ್ತಿನ ಕಾಯಿ ತುಂಬುವಾಗ ಹತ್ತಿರ ಬಂದು, ಒಂದೂವರೆ ಟನ್ನು ಹೊರುವ ಗಾಡಿ ತಂದರೆ ತಮ್ಮದಷ್ಟೇ ಅಲ್ಲ, ಅಕ್ಕಪಕ್ಕದ ಮೂರು ತೋಟದವರ ಕಾಯಿ ಕೊಬ್ಬರಿ ಸಾಗಿಸುವ ಕೆಲಸವೂ ವರ್ಷಪೂರ್ತಿ ಅವರಿಗೇ ಸಿಗುತ್ತದೆ ಎಂದರು. ತಾವೇ ಎಲ್ಲರ ಹತ್ತಿರ ಮಾತಾಡಿಯೂ ಆಗಿತ್ತಂತೆ.

ಆ ಸಂಜೆ ಭೀಮರಾಜು ತುಂಬ ಗೆಲುವಾಗಿದ್ದ. ಮುದ್ದೆ ಉಣ್ಣುತ್ತಲೇ ಹೊಸ ಗಾಡಿಯ ಬಣ್ಣ ಯಾವುದಿರಬೇಕು ಎನ್ನುವವರೆಗೂ ಹೋದ. ಆಮೇಲೆ, ಬಹಳ ದಿನದಿಂದ ಕೂಡಿಟ್ಟಿದ್ದ ಮಾತು ಎಂಬಂತೆ, ಅರಸೀಕೆರೆ ಕಡೆ ಲಾರಿ ಓಡಿಸಿ ಊರಿಗೆ ವಾಪಸಾಗಿದ್ದ ತನ್ನ ಅಕ್ಕನ ಮಗ ದಯಾನಂದನ ಸುದ್ದಿ ತೆಗೆದ. ದೊಡ್ಡ ಗಾಡಿಗೆ ಅವನನ್ನೇ ಡ್ರೈವರ್ ಮಾಡಿಕೊಳ್ಳೋಣ, ಆಗಲೇ ಕೇಳಿಯೂ ಇದ್ದೇನೆ, ಅವನು ಒಪ್ಪಿದ್ದಾನೆ ಎಂದ.

"ಒಂಬತ್ತು ವರ್ಷ ಸಾಕು ಕಣೇ," ಎಂದ. "ಇನ್ಮೇಲೆ ನೀನು ಮನೇಲಿ ಆರಾಮಾಗಿರು."

ಗಂಗಲಕ್ಷ್ಮಿ ತಟ್ಟೆಗಳನ್ನು ಎತ್ತಿಕೊಂಡು ತೊಳೆಯಲು ಹೋದಳು. ಅವಳಿಗೆ ಸಂತೋಷಕ್ಕೆ ಮಾತು ಬರಲಿಲ್ಲ ಎಂದುಕೊಂಡ ಭೀಮರಾಜು.

ಮೊದಲು ಆ ಪುಟ್ಟ ಗಾಡಿಯನ್ನು ಕೊಂಡದ್ದು ಅವನೇ ಓಡಿಸಲೆಂದು. ಕೊಂಡ ಮೂರನೇ ವಾರ ಕಾಯಿ ಕೀಳಲು ಹತ್ತಿದವನು ಮರದಿಂದ ಬಿದ್ದ. ಬಲ ಮೊಣಕೈ ಕೂಡಿಕೊಂಡಿತಾದರೂ ಪೂರ್ತಿ ಮಡಚಲು ಬರಲಿಲ್ಲ. ಸ್ಟೇರಿಂಗ್ ತಿರುಗಿಸುವ ಆಸೆ ಅಲ್ಲಿಗೇ ಮುಗಿಯಿತು. ಬಾಡಿಗೆ ಡ್ರೈವರ್ ಒಬ್ಬ ತನಗೆ ಮನಸ್ಸು ಬಂದಾಗ ಬರುತ್ತಿದ್ದ. ಒಂದು ದಿನ ಎಳನೀರು ತುಂಬಿಸಿಕೊಂಡು ನಿಂತ ಗಾಡಿ ಅವನಿಲ್ಲದೆ ಸಂಜೆಯವರೆಗೂ ಬಿಸಿಲಲ್ಲೇ ನಿಂತಿತು. ಮಾರನೇ ದಿನ ಗಂಗಲಕ್ಷ್ಮಿ ಬಸ್ಸು ಹತ್ತಿ ತುರುವೇಕೆರೆಗೆ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅಲ್ಲಿ ಹೆಂಗಸು ಎಂದರೆ ಅವಳೊಬ್ಬಳೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ಇಪ್ಪತ್ತು ದಿನಕ್ಕೆ ಕಲಿತಳು.

ಅಲ್ಲಿಂದ ಅವಳ ಬೆಳಗುಗಳೇ ಬೇರೆಯಾದವು. ಇಬ್ಬನಿ ಆರುವ ಮೊದಲು ಗಾಡಿ ತೆಗೆಯುವುದು, ನೊಣವಿನಕೆರೆ ದಾಟುವ ಹೊತ್ತಿಗೆ ತೆಂಗಿನ ಸಾಲಿನ ನಡುವಿನಿಂದ ಬಿಸಿಲು ಅಡ್ಡಡ್ಡ ಬೀಳುವುದು, ತೋಟದವರು ಗಂಡನಿಗಲ್ಲ, ನೇರ ಅವಳಿಗೇ ಫೋನ್ ಮಾಡುವುದು, ಹಿಂದೆ ಮೂಟೆ ಸ್ವಲ್ಪ ಜರುಗಿದರೂ ಕೂತಲ್ಲೇ ಅವಳ ಬೆನ್ನಿಗೆ ಗೊತ್ತಾಗುವುದು. ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಹೊಸ ಗಾಡಿಯ ಮಾತಾದ ನಾಲ್ಕನೇ ದಿನ ಇಬ್ಬರೂ ತಿಪಟೂರಿನ ಶೋರೂಮಿಗೆ ಹೋದರು. ಇಸ್ತ್ರಿ ಅಂಗಿಯ ಭುವನ್ ಎಂಬ ಸೇಲ್ಸ್‌ಮನ್ ಪಿಕಪ್‌ಗಳ ಸಾಲಿನ ಮುಂದೆ ಅವರನ್ನು ನಡೆಸಿಕೊಂಡು ಹೋದ. ಎಳೆಯುವುದಕ್ಕೆ ಡೀಸೆಲ್ಲೇ ಸರಿ ಎಂಬುದು ಭೀಮರಾಜುವಿನ ವಾದ. ದೂರದ ಊರಿಗೆ ಹೋಗುವವರಿಗೆ ಅದು ಸರಿ, ದಿನಕ್ಕೆ ನಲವತ್ತೈವತ್ತು ಕಿಲೋಮೀಟರಿಗೆ ಈ ಪೆಟ್ರೋಲ್ ಗಾಡಿ ಸಾಕು, ಸದ್ದೂ ಕಡಿಮೆ, ಅದುರುವುದೂ ಕಡಿಮೆ ಎಂದ ಭುವನ್. ಏರಿನಲ್ಲಿ ತುಂಬಿದ ಗಾಡಿ ಮೊದಲನೇ ಗೇರಿಗೆ ಹೇಗೆ ಎಳೆಯುತ್ತದೆ, ಭಾರ ಹೊರುವ ಹಿಂದಿನ ಸ್ಪ್ರಿಂಗ್ ಪಟ್ಟೆಯಲ್ಲಿ ಎಷ್ಟು ಎಲೆಗಳಿವೆ ಎಂದು ಗಂಗಲಕ್ಷ್ಮಿ ಒಂದೊಂದಾಗಿ ಕೇಳಿದಳು. ಅವಳು ಕೇಳಿದ್ದಕ್ಕೆಲ್ಲ ಭುವನ್ ಉತ್ತರವನ್ನು ಭೀಮರಾಜುವಿಗೆ ಹೇಳುತ್ತಿದ್ದ. ಕೊನೆಗೆ ಅವಳು ಗಂಡನನ್ನು ಆ ಪೆಟ್ರೋಲ್ ಗಾಡಿಯ ಹಿಂದೆ ನಿಲ್ಲಿಸಿ, ಸರಕು ತುಂಬುವ ತೊಟ್ಟಿಯ ಅಂಚು ಅವನ ಎದೆಗಿಂತ ಎಷ್ಟು ಕೆಳಗೆ ಬರುತ್ತದೆ ಎಂದು ಗೇಣಿನಲ್ಲಿ ಅಳೆದಳು. ಪೂರ್ತಿ ಮಡಚದ ಆ ಕೈಯಲ್ಲಿ ಮೂಟೆ ಎತ್ತಬೇಕಾದವನು ಅವನು.

ಓಡಿಸಿ ನೋಡಿ ಎಂದು ಭುವನ್ ಕೀಯನ್ನು ಭೀಮರಾಜುವಿನ ಕೈಗೆ ಕೊಟ್ಟ.

"ನಮ್ ಡ್ರೈವರ್ ನಾಳಿದ್ದು ಬತ್ತಾನೆ," ಎಂದ ಭೀಮರಾಜು. "ಅವನೇ ಓಡ್ಸಿ ನೋಡ್ತಾನೆ."

"ಯಾವ ಡ್ರೈವರು?" ಎಂದಳು ಗಂಗಲಕ್ಷ್ಮಿ.

"ದಯಾನಂದ. ಅವತ್ತೇ ಹೇಳಿದ್ನಲ್ಲ."

"ನೀನು ಹೇಳ್ದೆ. ನಾನು ಹೂಂ ಅಂದಿರ್ಲಿಲ್ಲ."

ಭುವನ್ ಫೋನ್ ಬಂತು ಎನ್ನುವ ಹಾಗೆ ಆಚೆ ಸರಿದ. ಭೀಮರಾಜು ದನಿ ತಗ್ಗಿಸಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಏನೂ ತಿಳಿಯದ ಕಕ್ಕಾಬಿಕ್ಕಿ ಇತ್ತು.

"ನನ್ ಕೈ ಮುರೀತು ಅಂತ ತಾನೆ ನೀನು ಕಲ್ತಿದ್ದು? ನನ್ನಿಂದ ಒಂಬತ್ತು ವರ್ಷ ರೋಡಲ್ಲಿ ಬೆಂದೆ. ನಿನ್ನ ಕೂರಿಸ್ಬೇಕು ಅಂತ ನಾನು ಎಷ್ಟು ದಿನದಿಂದ ಕಾಯ್ತಾ ಇದೀನಿ."

ಗಂಗಲಕ್ಷ್ಮಿ ಗಾಡಿಯ ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟಳು. ಅವನು ತನ್ನ ಕೈಯ ತಪ್ಪನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದಾನೆ ಎಂಬುದು ಅವಳಿಗೂ ತಿಳಿದದ್ದು ಈಗಲೇ.

"ಕಷ್ಟ ಅಂತ ಕಲ್ತಿದ್ದು ನಿಜ," ಎಂದಳು. "ಕಷ್ಟ ಅಂತ ಓಡುಸ್ತಾ ಇಲ್ಲ ಕಣಪ್ಪ. ನಂಗಿದು ಇಷ್ಟ."

"ಎಷ್ಟು ದಿನದಿಂದ?"

"ಮೊದಲನೇ ವಾರದಿಂದ."

ಭೀಮರಾಜು ಅವಳನ್ನು ಹೊಸಬಳನ್ನು ನೋಡಿದಂತೆ ನೋಡಿದ. ಆಮೇಲೆ ನಗು ತಡೆಯಲಾಗದೆ ಕೀಯನ್ನು ಅವಳ ಕೈಗೆ ಹಾಕಿ, ಭುವನ್‌ನನ್ನು ಕರೆದು, ಗಾಡಿ ಓಡಿಸುವವರು ಇವರು, ಇನ್ನು ಮೇಲೆ ಏನಿದ್ದರೂ ಇವರಿಗೇ ಹೇಳಿ ಎಂದ.

ಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಅವಳಿಗೆ ಸಾಲದು. ಭಾರ ಹೇರಿ ಅದೇ ಏರು ಹತ್ತಿಸಿ ನೋಡಬೇಕೆಂದಳು. ಅಂಥ ಪದ್ಧತಿ ಇಲ್ಲ ಎಂದ ಭುವನ್, ಆದರೂ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ. ತಾನೂ ಜೊತೆಗಿರುವುದಾದರೆ ಆಗಬಹುದು ಎಂದಾಯಿತು.

ಮಧ್ಯಾಹ್ನ ಮಲ್ಲಿಕಾರ್ಜುನಯ್ಯನವರ ತೋಟದಲ್ಲಿ ಪುಟ್ಟ ಗಾಡಿ ಹೊರುತ್ತಿದ್ದುದರ ಎರಡರಷ್ಟು ಕಾಯಿ ತುಂಬಿಸಿದರು. ಗಂಗಲಕ್ಷ್ಮಿ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಗಳನ್ನು ತನ್ನ ಎತ್ತರಕ್ಕೆ ತಿರುಗಿಸಿ, ಏರಿಗೆ ಬಿಟ್ಟಳು. ಎಂಜಿನ್ನಿನ ಸದ್ದು ದಪ್ಪವಾಯಿತು. ನಡುವಿನಲ್ಲಿ ಬೇಕೆಂದೇ ಬ್ರೇಕು ಹಾಕಿ ನಿಲ್ಲಿಸಿದಳು. ಭುವನ್ ಎದುರಿನ ಡ್ಯಾಶ್‌ಬೋರ್ಡಿಗೆ ಕೈ ಊರಿಕೊಂಡ. ಅವಳು ನಿಧಾನವಾಗಿ ಕ್ಲಚ್ಚು ಬಿಟ್ಟಳು. ಗಾಡಿ ಒಂದು ಬೆರಳಿನಷ್ಟೂ ಹಿಂದೆ ಜಾರದೆ ಮುಂದೆ ನಡೆದು, ಮೇಲೆ ಅಟ್ಟದ ಮುಂದಿನ ಅಂಗಳಕ್ಕೆ ಬಂದು ನಿಂತಿತು.

"ಇದೇ," ಎಂದಳು, ಯಾರಿಗೆಂದಿಲ್ಲದೆ.

ಇಪ್ಪತ್ತು ದಿನದಲ್ಲಿ ಬಿಳಿ ಬಣ್ಣದ ಪಿಕಪ್ ಮನೆಯ ಮುಂದಿತ್ತು. ಹಳೆಯ ಗಾಡಿಯನ್ನು ಸಂತೆಗೆ ತರಕಾರಿ ಹಾಕುವ ದೊಡ್ಡರಂಗಯ್ಯ ಕೊಂಡ. ಅವನು ಹೋಗುವುದು ಸಮತಟ್ಟು ದಾರಿಯಲ್ಲಿ ಮಾತ್ರ, ಅದಕ್ಕೆ ಆ ಗಾಡಿ ಇನ್ನೂ ನಾಲ್ಕು ವರ್ಷ ಬರುತ್ತದೆ. ಯಾವ ಗೇರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗಂಗಲಕ್ಷ್ಮಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿಕೊಟ್ಟಳು. ದಯಾನಂದನಿಗೆ ಭೀಮರಾಜುವೇ ಫೋನ್ ಮಾಡಿ ವಿಷಯ ಹೇಳಿದ. ಅವನಿಗೆ ಬೇಜಾರಾಗದೆ ಇರಲಿಲ್ಲ. ಗಾಡಿ ಪೂಜೆಗೆ ಅವನ ತಾಯಿ ಬಂದರು, ಅವನು ಬರಲಿಲ್ಲ.

ಮೊದಲ ಸಲ ತಿಪಟೂರಿನ ಮಾರುಕಟ್ಟೆಗೆ ನಾಲ್ಕೂ ತೋಟದ ಕೊಬ್ಬರಿ ಒಟ್ಟಿಗೆ ಹೋಯಿತು. ಮೂಟೆ ಇಳಿಸಿ, ಊಟ ಮುಗಿಸಿ, ಇಬ್ಬರೂ ಮೂರು ಗಂಟೆಗೆ ವಾಪಸು ಹೊರಟರು. ಪೇಟೆ ದಾಟುವವರೆಗೂ ಭೀಮರಾಜು ಮುಂದಿನ ವಾರದ ಲೋಡುಗಳ ಬಗ್ಗೆ ಮಾತಾಡುತ್ತಿದ್ದ. ಆಮೇಲೆ ಮಾತು ವಿರಳವಾಗಿ, ನಿಂತುಹೋಯಿತು. ಗಂಗಲಕ್ಷ್ಮಿ ತಿರುಗಿ ನೋಡಿದಳು. ಅವನು ಮೊಣಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆಯನ್ನು ಬಾಗಿಲಿಗೆ ಆನಿಸಿ, ಬಾಯಿ ತುಸು ತೆರೆದು ನಿದ್ದೆ ಹೋಗಿದ್ದ.

ನೊಣವಿನಕೆರೆಯ ಶಾಲೆಯ ಮುಂದೆ ರೋಡ್ ಹಂಪ್ ಬಂತು. ಅವಳು ದೂರದಿಂದಲೇ ವೇಗ ಇಳಿಸಿ, ಗೇರು ತಗ್ಗಿಸಿ, ಮುಂದಿನ ಚಕ್ರಗಳನ್ನು ಮೆಲ್ಲಗೆ ಹತ್ತಿಸಿದಳು. ಹಿಂದೆ ಬಂದ ಆಟೋದವನು ಎರಡು ಸಲ ಹಾರ್ನ್ ಮಾಡಿದ. ಅವಳು ಕಿಟಕಿಯಿಂದ ಕೈ ಚಾಚಿ ಅವನಿಗೆ ಮುಂದೆ ಹೋಗಲು ದಾರಿ ತೋರಿಸಿ, ಹಿಂದಿನ ಚಕ್ರಗಳನ್ನೂ ಅಷ್ಟೇ ಮೆಲ್ಲಗೆ ಇಳಿಸಿದಳು.